6 ಅಡಿ ಟ್ಯಾಂಕ್, ಕೈಯಲ್ಲಿ 10 ಸಾವಿರ: ಕ್ಯಾನಿಸ್ಟರ್ ತಗೊಳ್ಳಲಾ, ಸಂಪ್ ಮಾಡಲಾ?

ಸಂತೆಕಟ್ಟೆ ಮೀನು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುವವ ನಾನು, ಇವತ್ತು ತಲೆಬಿಸಿ ಜಾಸ್ತಿ ಆಗಿ ಬರೆಯುತ್ತಿದ್ದೇನೆ.

ವಿಷಯ ಎಂತ ಅಂದರೆ, ಉಡುಪಿ ಬಿಟ್ಟು ಹೋಗುವವರೊಬ್ಬರು ತಮ್ಮ ಹಳೆ ಟ್ಯಾಂಕ್ ಮಾರುತ್ತಿದ್ದರು, ನಾನು ಹಿಂದೆ ಮುಂದೆ ನೋಡದೆ ತಂದುಬಿಟ್ಟೆ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, 12 ಎಂಎಂ ಗಾಜು. ಖಾಲಿ ಟ್ಯಾಂಕೇ 120 ಕಿಲೋ ಮೇಲೆ. ಟೆಂಪೋದಿಂದ ಚಾವಡಿಗೆ ತರಲು ಆರು ಜನ ಬೇಕಾಯಿತು, ಅದರಲ್ಲಿ ಒಬ್ಬ ಈಗಲೂ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದಾನೆ. ತುಂಬಿಸಿದರೆ 680 ಲೀಟರ್ ಆಗುತ್ತದೆ. ಕೆಳಗಿನ ಮನೆ, ಹಾಗಾಗಿ ಭಾರದ ಹೆದರಿಕೆ ಇಲ್ಲ.

ಈಗ 3 ಅಡಿ ಟ್ಯಾಂಕಿನಲ್ಲಿ ಎರಡು ಆಸ್ಕರ್, ಆರು ಸಿಲ್ವರ್ ಡಾಲರ್ ಮೀನು ಇವೆ. ಆಸ್ಕರ್ ಐದು ಇಂಚು ದಾಟಿದವು. ತಿನ್ನುವುದಕ್ಕಿಂತ ಕಿವಿರಿನಿಂದ ಉಗುಳುವುದೇ ಹೆಚ್ಚು, ಎರಡು ದಿನಕ್ಕೆ ನೀರು ಅಕ್ಕಿ ತೊಳೆದ ಹಾಗೆ ಆಗುತ್ತದೆ. ಅವುಗಳಿಗೇ ಈ ದೊಡ್ಡ ಟ್ಯಾಂಕ್.

ಫಿಲ್ಟರ್ ಕೇಳಲು ಅಂಗಡಿಗೆ ಹೋದರೆ ಇಷ್ಟು ದೊಡ್ಡದಕ್ಕೆ ಎರಡು ದೊಡ್ಡ ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬದ ಫಿಲ್ಟರ್, ಬೇಕೇ ಬೇಕು ಅಂದರು. ರೇಟ್ ಕೇಳಿ ಒಂದು ಲೋಟ ನೀರು ಕುಡಿದು ಹೊರಗೆ ಬಂದೆ. ನನ್ನ ಹತ್ತಿರ ಫಿಲ್ಟರಿಗೆ ಅಂತ ಇರುವುದು 10 ಸಾವಿರ, ಅದೂ ಪೈಪು ಗಮ್ಮು ಎಲ್ಲ ಸೇರಿ. ಯೂಟ್ಯೂಬಿನಲ್ಲಿ ಎಲ್ಲರೂ ಸಂಪ್ ಮಾಡಿ ಅನ್ನುತ್ತಾರೆ, ಅಂದರೆ ಟ್ಯಾಂಕಿನ ಕೆಳಗೆ ಇನ್ನೊಂದು ಸಣ್ಣ ಟ್ಯಾಂಕ್ ಇಟ್ಟು, ನೀರನ್ನು ಅಲ್ಲಿಗೆ ಇಳಿಸಿ ಸೋಸಿ ಪಂಪಿನಲ್ಲಿ ಮೇಲೆ ಕಳಿಸುವುದು. ಅಪ್ಪನ ಹತ್ತಿರ ಸಂಪ್ ಮಾಡ್ತೇನೆ ಅಂದೆ, "ಇನ್ನು ಮೀನಿಗೋಸ್ಕರ ಅಂಗಳ ಬೇರೆ ಅಗೆಯುವುದಾ" ಅಂತ ಎದ್ದು ಹೋದರು.

ಇನ್ನು ಎರಡು ವಿಷಯ. ನೀರು ಬಾವಿಯದ್ದು, ಏಪ್ರಿಲ್ ನಂತರ ಬಾವಿ ತಳ ಕಂಡರೆ ನಗರಸಭೆಯ ನಲ್ಲಿ. ಕರೆಂಟ್ ಬಗ್ಗೆ ಹೇಳುವುದೇ ಬೇಡ, ಮೊದಲ ಗುಡುಗಿಗೆ ಹೋದರೆ ಬೆಳಿಗ್ಗೆಗೇ ಬರುವುದು. ಗೃಹಜ್ಯೋತಿಯಲ್ಲಿ ಈಗ ಬಿಲ್ ಸೊನ್ನೆ ಬರುತ್ತಾ ಉಂಟು, ಅದು ತಪ್ಪಿದರೆ ಮನೆಯಲ್ಲಿ ನನಗೆ ಊಟ ಇಲ್ಲ.

ಎಂತ ಮಾಡುವುದು ಹೇಳಿ.

ಬಿಜೈ ಆರಡಿ

ಮೊದಲು ಟ್ಯಾಂಕ್ ಸಿಕ್ಕಿದ್ದಕ್ಕೆ ಕಂಗ್ರಾಟ್ಸ್. ಸೊಂಟ ಹಿಡಿದ ಗೆಳೆಯನಿಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿ.

ನಾನು ಸಂಪ್ ಪಾರ್ಟಿ. ನಿಮ್ಮದೇ ಅಳತೆಯ ಟ್ಯಾಂಕ್ ಕೆಳಗೆ 3 ಅಡಿಯ ಹಳೆ ಟ್ಯಾಂಕನ್ನೇ ಸಂಪ್ ಮಾಡಿ ಐದು ವರ್ಷ ಆಯಿತು. ಮೀಡಿಯಾ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಕೂರುವ ರಿಂಗ್, ಕಲ್ಲು ಇಂಥದ್ದು) ಹಾಕಲು ಬೇಕಾದಷ್ಟು ಜಾಗ, ತೊಳೆಯಲು ಸುಲಭ, ನೀರು ಕೆಳಗೆ ಬೀಳುವಾಗ ಗಾಳಿಯೂ ಸೇರುತ್ತದೆ. ಇಷ್ಟು ಹಣಕ್ಕೆ ಇಷ್ಟು ಕೆಲಸ ಮಾಡುವುದು ಬೇರೆ ಇಲ್ಲ.

ಆದರೆ ನನ್ನ ಮೊದಲ ವರ್ಷದ ಕಥೆಯನ್ನೂ ಕೇಳಿ. ಸಂಪಿನಿಂದ ನೀರು ಮೇಲೆ ತರುವ ಪೈಪಿನ ಬಾಯಿಯನ್ನು ನಾನು ಟ್ಯಾಂಕಿನಲ್ಲಿ ನಾಲ್ಕು ಇಂಚು ಒಳಗೆ ಮುಳುಗಿಸಿಟ್ಟಿದ್ದೆ, ಸದ್ದು ಬರಬಾರದು ಅಂತ. ಜೂನ್ ತಿಂಗಳು, ರಾತ್ರಿ ಕರೆಂಟ್ ಹೋಯಿತು, ಪಂಪ್ ನಿಂತಿತು. ನಿಂತ ಪಂಪಿನೊಳಗಿಂದ ಅದೇ ಪೈಪು ನೀರನ್ನು ವಾಪಸ್ ಕೆಳಗೆ ಎಳೆಯಲು ಶುರು ಮಾಡಿತು. 6 ಅಡಿ ಉದ್ದ 2 ಅಡಿ ಅಗಲದ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ 28 ಲೀಟರ್. ನಾಲ್ಕು ಇಂಚು ಅಂದರೆ ನೂರು ಲೀಟರ್ ದಾಟಿತು. ಸಂಪಿನಲ್ಲಿ ಅಷ್ಟು ಜಾಗ ಎಲ್ಲಿ? ಅಜ್ಜಿ ನಾಲ್ಕು ಗಂಟೆಗೆ ಎದ್ದವರು ಮಾಡು ಸೋರಿದೆ ಅಂದುಕೊಂಡು ಮೇಲೆ ಟಾರ್ಚ್ ಹಾಕಿ ನೋಡುತ್ತಾ ಚಾವಡಿಯ ನೀರಿನಲ್ಲೇ ನಿಂತಿದ್ದರು. ಕಾವಿ ನೆಲ ಬೇರೆ, ಜಾರಿ ಬೀಳದ್ದು ನಮ್ಮ ಪುಣ್ಯ.

ಈಗ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಮಾತ್ರ ಕೆಳಗೆ. ನೀರಿನ ಗೆರೆಯ ಹತ್ತಿರವೇ ಒಂದು ಸಣ್ಣ ತೂತೂ ಇದೆ, ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದು ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಹಾಕಬೇಕು.

ನಿಮಗೆ ಒಂದೇ ಪ್ರಶ್ನೆ: ಟ್ಯಾಂಕಿನಲ್ಲಿ ನೀರು ಕೆಳಗೆ ಇಳಿಯಲು ತೂತು ಕೊರೆದಿದೆಯಾ?

ಸಂತೆಕಟ್ಟೆ ಮೀನು

ಇಲ್ಲ, ಎಲ್ಲೂ ತೂತು ಇಲ್ಲ. ಕೊರೆಸಬಹುದಾ?

ಬಿಜೈ ಆರಡಿ

ಹಾಗಾದರೆ ನಾನು ಹೇಳಿದ್ದು ಅರ್ಧ ವಾಪಸ್.

ಡೈಮಂಡ್ ಬಿಟ್ ಹಾಕಿ ಕೊರೆಯಬಹುದು, ಆದರೆ ಅದು ಟಫನ್ಡ್ ಗಾಜಾದರೆ ಬಿಟ್ ತಾಗಿದ ಕೂಡಲೇ ಪುಡಿ ಪುಡಿ. ಹಳೆ ಟ್ಯಾಂಕ್, ಯಾವ ಗಾಜು ಅಂತ ಮಾರಿದವರಿಗೂ ಗೊತ್ತಿರುವುದಿಲ್ಲ. ಕೊರೆಯದೆ ಪಿವಿಸಿ ಪೈಪ್ ಬಗ್ಗಿಸಿ ಸೈಫನ್ ಮಾಡಿ ನೀರು ಇಳಿಸುವ ವಿಡಿಯೋ ನೂರಾರು ಇವೆ. ಆ ಸೈಫನಿಗೆ ಒಂದು ಗುಳ್ಳೆ ಗಾಳಿ ಸಿಕ್ಕಿ ನಿಂತರೆ, ಕೆಳಗಿನ ಪಂಪಿಗೆ ಅದು ಗೊತ್ತಾಗುವುದಿಲ್ಲ, ಅದು ಸಂಪಿನ ನೀರನ್ನೆಲ್ಲ ಮೇಲೆ ತುಂಬುತ್ತಾ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ನಾನಂತೂ ಅದನ್ನು ನಂಬಿ ಮಲಗುವುದಿಲ್ಲ.

ಕಾಪು ಕಡೆಯವ

ಬಿಜೈಯವರು ದಾರಿ ಸುಲಭ ಮಾಡಿಕೊಟ್ಟರು. ನೀರು ಟ್ಯಾಂಕಿನ ಹೊರಗೆ ಹೋಗದೇ ಇದ್ದರೆ ಚಾವಡಿಗೆ ಬರುವುದು ಎಲ್ಲಿಂದ? ಫಿಲ್ಟರನ್ನು ಟ್ಯಾಂಕಿನ ಮೇಲೆಯೇ ಕೂರಿಸಿ.

ನಾನು ಮಾಡಿದ್ದು ಹೀಗೆ. ಮಾಡಿನ ಮಳೆನೀರಿಗೆ ಹಾಕುವ ಪಿವಿಸಿ ದಂಬೆ ಉಂಟಲ್ಲ, ಅರ್ಧ ಕೊಳವೆ, ಅದರ 6 ಇಂಚಿನದ್ದು. ನಮ್ಮ ಮನೆಗೆ ಹಾಕಿ ಮಿಕ್ಕಿದ್ದು ಹಿತ್ತಿಲಿನಲ್ಲಿ ಬಿದ್ದಿತ್ತು. 5 ಅಡಿ ಉದ್ದದ ಎರಡು ತುಂಡು, ಎರಡೂ ತುದಿಗೆ ಮುಚ್ಚಳ, ಪಿವಿಸಿ ಗಮ್ಮು. ಮಧ್ಯೆ ಮಧ್ಯೆ ಪಿವಿಸಿ ಹಾಳೆಯ ಅಡ್ಡ ತಡೆ: ಒಂದರ ಕೆಳಗೆ ಸಂದು, ಮುಂದಿನದ್ದರ ಮೇಲೆ ಸಂದು, ನೀರು ಹತ್ತಿ ಇಳಿದು ಹೋಗಬೇಕು, ಸುಮ್ನೆ ಮೇಲಿನಿಂದ ಜಾರಿ ಹೋಗಬಾರದು. ಒಂದು ತುದಿಯಲ್ಲಿ ಪಂಪಿನ ನೀರು ಬೀಳುತ್ತದೆ. ಮೊದಲು ಒರಟು ಸ್ಪಂಜು, ಆಮೇಲೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ಉಳಿದ ಉದ್ದ ಪೂರ್ತಿ ಮೀಡಿಯಾ. ಇನ್ನೊಂದು ತುದಿಯಿಂದ ಟ್ಯಾಂಕಿಗೇ ಬೀಳುತ್ತದೆ. ಒಂದು ದಂಬೆಯಲ್ಲಿ 13 ಲೀಟರ್ ಚಿಲ್ಲರೆ ಹಿಡಿಯುತ್ತದೆ, ಎರಡು ಸೇರಿ 26 ಮೇಲೆ. ಅಂಗಡಿಯವರ ಎರಡು ಕ್ಯಾನಿಸ್ಟರಿನ ಬುಟ್ಟಿಗಳಲ್ಲಿ ಇಷ್ಟು ಹಿಡಿಯುತ್ತದಾ ಅಂತ ಕೇಳಿ ನೋಡಿ.

ದಂಬೆಯನ್ನು ಬರೀ ಗಾಜಿನ ಮೇಲೆ ಇಡಬೇಡಿ. ಮಾಡಿನ ರೀಪು ಮೂರು ತುಂಡು ಮಾಡಿ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಅಡ್ಡ ಇಟ್ಟು, ಅದರ ಮೇಲೆ ಕೂರಿಸಿ.

ಮುಖ್ಯ ವಿಷಯ ಒಂದು ಉಂಟು, ಇದು ಮರೆತರೆ ಅಜ್ಜಿ ಮತ್ತೆ ಟಾರ್ಚ್ ಹಿಡಿಯಬೇಕಾಗುತ್ತದೆ. ಹತ್ತಿ ಕಟ್ಟಿಕೊಂಡಾಗ ನೀರು ದಂಬೆ ತುಂಬಿ ಹೊರಗೆ ಚೆಲ್ಲುತ್ತದೆ. ಅದಕ್ಕೆ ಹತ್ತಿಗಿಂತ ಮೊದಲೇ, ದಂಬೆಯ ಒಳಬದಿಯ ಅಂಚನ್ನು ಒಂದು ಇಂಚು ತಗ್ಗಿಸಿ ಕತ್ತರಿಸಿ. ತುಂಬಿದರೂ ಟ್ಯಾಂಕಿಗೇ ಚೆಲ್ಲುತ್ತದೆ, ಹೊರಗಲ್ಲ. ಅಲ್ಲಿಂದ ಚೆಲ್ಲುವ ಸದ್ದು ಕೇಳಿದರೆ ಹತ್ತಿ ತೊಳೆಯುವ ದಿನ ಬಂತು ಅಂತ ಲೆಕ್ಕ. ನನಗೆ ಕ್ಯಾಲೆಂಡರ್ ಬೇಡವಾಗಿದೆ.

ಪಂಪಿನ ವಿಷಯ. ಒಂದು ದೊಡ್ಡದರ ಬದಲು ಎರಡು ಸಣ್ಣದು ತಗೊಳ್ಳಿ, ದಂಬೆಗೊಂದು. ಒಂದು ಸತ್ತರೂ ಇನ್ನೊಂದು ಓಡುತ್ತಿರುತ್ತದೆ, ಭಾನುವಾರ ಅಂಗಡಿ ಬಾಗಿಲು ಬಡಿಯಬೇಕಾಗಿಲ್ಲ. ಗಂಟೆಗೆ ಟ್ಯಾಂಕಿನ ನಾಲ್ಕೈದು ಪಟ್ಟು ನೀರು ತಿರುಗಿದರೆ ಸಾಕು. ನಿಮ್ಮದಕ್ಕೆ 3000 ಲೀಟರ್ ಅಂದುಕೊಳ್ಳಿ, ಒಂದೊಂದು ಪಂಪ್ 1500 ಕೊಡಬೇಕು. ಡಬ್ಬದ ಮೇಲಿನ ಅಂಕೆ ನಂಬಬೇಡಿ, ಅದು ನೀರನ್ನು ಮೇಲೆ ಎತ್ತದೇ ಇದ್ದಾಗಿನದ್ದು. ಕೆಳಗಿನ ಸಂಪಿನಿಂದ ನಾಲ್ಕಡಿ ಎತ್ತುವಾಗ ಅರ್ಧಕ್ಕೆ ಅರ್ಧ ಹೋಗಿಬಿಡಬಹುದು. ದಂಬೆಯಲ್ಲಿ ನೀರಿನ ಮಟ್ಟದಿಂದ ಒಂದಡಿ ಎತ್ತಿದರೆ ಆಯಿತು. ಇದೇ ಇದರ ದೊಡ್ಡ ಲಾಭ.

ನಿಜಕ್ಕೂ ಎಷ್ಟು ಬರುತ್ತದೆ ಅಂತ ತಿಳಿಯಲು 20 ಲೀಟರಿನ ಬಕೆಟ್ ಸಾಕು. ದಂಬೆಯ ಎತ್ತರಕ್ಕೇ ಪೈಪ್ ಹಿಡಿದು ಬಕೆಟಿಗೆ ಬಿಡಿ. 48 ಸೆಕೆಂಡಿನಲ್ಲಿ ತುಂಬಿದರೆ 1500.

ಸಂತೆಕಟ್ಟೆ ಮೀನು

ಇದು ಕೇಳಿ ಜೀವ ಬಂತು. ದಂಬೆ ನಮ್ಮ ಮನೆಯಲ್ಲೂ ಉಂಟು! ಮೀಡಿಯಾ ಎಂತ ಹಾಕುವುದು? ಅಂಗಡಿಯ ಸೆರಾಮಿಕ್ ರಿಂಗ್ 26 ಲೀಟರ್ ತಗೊಂಡರೆ ಬಜೆಟ್ ಅಲ್ಲಿಗೇ ಮುಗಿಯಿತು. ಮುರಕಲ್ಲಿನ (ಮನೆ ಕಟ್ಟುವ ಕೆಂಪು ಕಲ್ಲು) ಚೂರು ಹಾಕಬಹುದಾ? ಮೈ ತುಂಬ ತೂತು ಇರುತ್ತದಲ್ವಾ, ಬ್ಯಾಕ್ಟೀರಿಯಾ ಕೂರಲು ಒಳ್ಳೆಯದು ಅಂತ ನನ್ನ ಬುದ್ಧಿ.

ಎಕ್ಕೂರು ಹಳಬ

ಬುದ್ಧಿ ಓಡಿಸಿದ್ದು ಸರಿ, ಕಲ್ಲು ತಪ್ಪು. ಮುರಕಲ್ಲು ನೀರಿನಲ್ಲಿ ಪುಡಿ ಬಿಡುತ್ತದೆ, ಕಬ್ಬಿಣದ ಕೆಂಪು ಕೆಸರು ದಂಬೆ ತುಂಬ. ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಜುಂಗು ತಗೊಳ್ಳಿ, ಸೋಪು ಇಲ್ಲದ್ದು, ಸ್ಟೀಲಿನದ್ದಲ್ಲ. ಡಜನ್ ಲೆಕ್ಕದಲ್ಲಿ ಮಂಗಳೂರಿನ ಬಂದರು ಕಡೆ ಹೋಲ್‌ಸೇಲಿಗೆ ಸಿಗುತ್ತದೆ. ಅಥವಾ ಲಾವಾ ಕಲ್ಲು. ಬ್ಯಾಕ್ಟೀರಿಯಾಕ್ಕೆ ಬ್ರ್ಯಾಂಡ್ ಗೊತ್ತಿಲ್ಲ. ಕೂರಲು ಜಾಗ, ಉಸಿರಾಡಲು ಆಮ್ಲಜನಕ, ತಿನ್ನಲು ಅಮೋನಿಯಾ ಸಿಕ್ಕಿದರೆ ಸಾಕು ಅದಕ್ಕೆ.

ನಾನು ಎಕ್ಕೂರಿನ ಫಿಶರೀಸ್ ಕಾಲೇಜಿನಲ್ಲಿ ಓದಿದವ, 1969ರಲ್ಲಿ ಶುರುವಾದ ಕಾಲೇಜು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಸುಮ್ನೆ ಜಂಬಕ್ಕೆ ಹೇಳಿದೆ. ಆದರೆ ಇಲ್ಲಿ ಯಾರೂ ನಿಮ್ಮ ಬಾವಿ ನೀರಿನ ಬಗ್ಗೆ ಮಾತೇ ಎತ್ತಲಿಲ್ಲ ನೋಡಿ, ನನಗೆ ಫಿಲ್ಟರಿಗಿಂತ ಅದೇ ಚಿಂತೆ.

ಮೀನು ಬಿಡುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಅಪಾಯ ಇಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಮರೆಯುವುದು ಏನೆಂದರೆ, ಈ ಕೆಲಸ ಆಗುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಕ್ಷಾರ ಅದನ್ನು ತಡೆದುಕೊಳ್ಳುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ಕರಗಿಸಲು ಸುಮಾರು ಏಳು ಗ್ರಾಂ ಕ್ಷಾರ ಖರ್ಚು. ಬೋರ್‌ವೆಲ್ಲಿನ ಗಡುಸು ನೀರಿನವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಮಳೆನೀರಿನ ಹಾಗೆ ಮೆದು, ಮೊದಲೇ ಸ್ವಲ್ಪ ಹುಳಿ. ನನ್ನ ಬಾವಿಯದ್ದು ಪಿಎಚ್ 6ರ ಹತ್ತಿರ. ಕ್ಷಾರ ಮುಗಿದ ದಿನ ಪಿಎಚ್ ಕುಸಿಯುತ್ತದೆ, 6ರ ಕೆಳಗೆ ಹೋದರೆ ಆ ಬ್ಯಾಕ್ಟೀರಿಯಾ ಕೆಲಸ ಬಹುಪಾಲು ನಿಲ್ಲಿಸುತ್ತವೆ. ಪಂಪ್ ಓಡುತ್ತಾ ಇರುತ್ತದೆ, ನೀರು ಗಾಜಿನ ಹಾಗೆ ತಿಳಿ ಇರುತ್ತದೆ, ಫಿಲ್ಟರ್ ಮಾತ್ರ ಒಳಗೆ ಸತ್ತಿರುತ್ತದೆ. ಮೀನು ಮೂಲೆಯಲ್ಲಿ ರೆಕ್ಕೆ ಮುದುರಿ ನಿಂತಾಗ ಜನ ಇನ್ನೊಂದು ಫಿಲ್ಟರ್ ತರಲು ಓಡುತ್ತಾರೆ.

ಮದ್ದು ನಮ್ಮ ಅಡುಗೆಮನೆಯಲ್ಲೇ ಉಂಟು: ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಚಿಪ್ಪು. ಸುಕ್ಕ ಮಾಡಿದ ದಿನ ಎಸೆಯಬೇಡಿ. ಮಾಂಸದ ಚೂರು ಒಂದೂ ಉಳಿಯದ ಹಾಗೆ ಉಜ್ಜಿ, ಕುದಿಸಿ, ಎರಡು ಮೂರು ದಿನ ಬಿಸಿಲಿಗೆ ಹಾಕಿ, ಜಜ್ಜಿ, ಈರುಳ್ಳಿ ಬರುವ ಬಲೆಚೀಲದಲ್ಲಿ ಎರಡು ಹಿಡಿ ಕಟ್ಟಿ ದಂಬೆಯ ಕೊನೆಗೆ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಸರಿಯಾದ ಮೇಲೆ ಕರಗುವುದು ನಿಧಾನವಾಗುತ್ತದೆ. ಅಳತೆ ಮಾಡುವ ತಾಪತ್ರಯ ಇಲ್ಲ.

ಒಂದು ಎಚ್ಚರ. ಈಗಾಗಲೇ ಪಿಎಚ್ ಕುಸಿದ ಟ್ಯಾಂಕಿಗೆ ಒಮ್ಮೆಲೇ ಸುಣ್ಣವೋ ಸೋಡಾವೋ ಸುರಿಯಬೇಡಿ. ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟು ತೊಂದರೆ ಕೊಡದ ರೂಪದಲ್ಲಿ ಕೂತಿರುತ್ತದೆ, ಪಿಎಚ್ ಏರಿದ ಕೂಡಲೇ ಅದೇ ವಿಷವಾಗುತ್ತದೆ. ಮೊದಲು ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಆಮೇಲೆ ಚಿಪ್ಪು.

ನಲ್ಲಿ ನೀರು ಬಳಸುವ ತಿಂಗಳಲ್ಲಿ ಕ್ಲೋರಿನ್ ತೆಗೆಯದೆ ಹಾಕಬೇಡಿ. 2019ರ ಬೇಸಿಗೆಯಲ್ಲಿ ಉಡುಪಿಯ ಬಜೆ ಅಣೆಕಟ್ಟಿನಲ್ಲೂ ಮಂಗಳೂರಿನ ತುಂಬೆ ಅಣೆಕಟ್ಟಿನಲ್ಲೂ ನೀರು ಇಲ್ಲದೆ ನಲ್ಲಿಗೇ ರೇಷನ್ ಬಂದದ್ದು ನೆನಪಿರಬೇಕು, ಒಂದು ಡ್ರಮ್ಮು ತುಂಬಿಸಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು. ಡ್ರಮ್ಮಿನಲ್ಲಿ ಗಾಳಿ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ನೂ ಹೋಗುತ್ತದೆ.

ಸುರತ್ಕಲ್ ಸೆಕೆಂಡ್ಸ್

ಎಲ್ಲರೂ ಸೇರಿ ಕ್ಯಾನಿಸ್ಟರನ್ನು ಮೂಲೆಗೆ ತಳ್ಳಿದಿರಿ, ನಾನು ಅದರ ಪರ ಮಾತಾಡಲೇಬೇಕು. ನನ್ನ ಹತ್ತಿರ ಸನ್‌ಸನ್ ಕಂಪನಿಯ ಸೆಕೆಂಡ್ ಹ್ಯಾಂಡ್ ಕ್ಯಾನಿಸ್ಟರ್ ಒಂದು ಇದೆ, ನಾಲ್ಕು ವರ್ಷದಿಂದ ಓಡುತ್ತಿದೆ. ಸದ್ದಿಲ್ಲ, ಕಾಣುವುದಿಲ್ಲ, ಮನೆಯಲ್ಲಿ ಟ್ಯಾಂಕ್ ಚಾವಡಿಯಲ್ಲಿದ್ದರೆ ಅದಕ್ಕೂ ಬೆಲೆ ಇದೆ. ಬಿಳಿ ದಂಬೆ ಎರಡು ಟ್ಯಾಂಕ್ ಮೇಲೆ ಕೂತರೆ ಮಾಡು ಕಳಚಿ ಬಿದ್ದ ಹಾಗೆ ಕಾಣುತ್ತದೆ, ನೆಂಟರು ಕೇಳಿಯೇ ಕೇಳುತ್ತಾರೆ.

ಆದರೂ ನಿಜ ಹೇಳುತ್ತೇನೆ. ಒಂದು ಸಲ ರಾತ್ರಿ 11ಕ್ಕೆ ಹೋದ ಕರೆಂಟ್ ಬೆಳಿಗ್ಗೆ 8ಕ್ಕೆ ಬಂತು. ಕ್ಯಾನಿಸ್ಟರ್ ತನ್ನಷ್ಟಕ್ಕೆ ಶುರುವಾಯಿತು. ಅದು ಮುಚ್ಚಿದ ಡಬ್ಬ ಅಲ್ವಾ, ಒಂಬತ್ತು ಗಂಟೆ ನೀರು ಓಡದೆ ಒಳಗಿನ ಆಮ್ಲಜನಕ ಮುಗಿದು ಕೊಳೆತಿತ್ತು. ಮೊದಲು ಬಂದದ್ದು ಕಂದು ನೀರು, ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ನಾನು ಹಲ್ಲುಜ್ಜುತ್ತಾ ಇದ್ದವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ಓಡಿ ಪ್ಲಗ್ ಎಳೆದೆ. ಎರಡು ಪ್ಯಾರಟ್ ಮೀನು ಸತ್ತು ಹೋದವು, ಉಳಿದವು ಮೇಲೆ ಬಾಯಿ ಬಿಡುತ್ತಾ ಸಂಜೆವರೆಗೆ ಇದ್ದವು.

ಈಗ ಎರಡು ಗಂಟೆಗಿಂತ ಜಾಸ್ತಿ ಕರೆಂಟ್ ಹೋದರೆ ಕ್ಯಾನಿಸ್ಟರಿನ ಸ್ವಿಚ್ ಆಫ್ ಮಾಡುತ್ತೇನೆ. ಬಂದ ಮೇಲೆ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲೇ ಅಲುಗಾಡಿಸಿ ಮತ್ತೆ ಹಾಕುತ್ತೇನೆ. ಮಳೆಗಾಲದಲ್ಲಿ ಇದು ವಾರಕ್ಕೆರಡು ಸಲದ ಕೆಲಸ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹೋದರೆ ದೇವರೇ ಗತಿ. ತೆರೆದ ದಂಬೆಯಲ್ಲಿ ಈ ಗೋಳು ಇಲ್ಲ, ಮೀಡಿಯಾಕ್ಕೆ ಗಾಳಿ ತಾಗುತ್ತಾ ಇರುತ್ತದೆ. ಪರ ಮಾತಾಡಲು ಬಂದವ ವಿರುದ್ಧ ಸಾಕ್ಷಿ ಹೇಳಿದ ಹಾಗಾಯಿತು, ಇರಲಿ.

ಕಾಪು ಕಡೆಯವ

ನೆಂಟರಿಗೆ ನನ್ನ ಉತ್ತರ: ದಂಬೆಗೆ ಕಪ್ಪು ಪೇಂಟ್, ಹೊರಬದಿಗೆ ಮಾತ್ರ. ಮುಂದೆ ಒಂದು ಮರದ ಪಟ್ಟಿ. ಈಗ ಎಲ್ಲರೂ ಎಷ್ಟು ಕೊಟ್ಟಿರಿ ಅಂತ ಕೇಳುತ್ತಾರೆ.

ಬಿಜೈ ಆರಡಿ

ಕರೆಂಟ್ ವಿಷಯ ಬಂತಲ್ಲ, ಒಂದು ಸೇರಿಸುತ್ತೇನೆ. ಫಿಲ್ಟರ್ ಯಾವುದೇ ಇರಲಿ, ಎರಡು ದೊಡ್ಡ ಸ್ಪಂಜ್ ಫಿಲ್ಟರ್ ಹಾಕಿ, ಅದನ್ನು ಬ್ಯಾಟರಿ ಇರುವ ಏರ್ ಪಂಪಿಗೆ ಕೊಡಿ. ಕರೆಂಟ್ ಹೋದ ಕೂಡಲೇ ತಾನೇ ಬ್ಯಾಟರಿಗೆ ಬದಲಾಗುವಂಥದ್ದು ಸಿಗುತ್ತದೆ. ನಮ್ಮ ಕರಾವಳಿ ನೀರು ಬೇಸಿಗೆಯಲ್ಲಿ 30 ಡಿಗ್ರಿ. ಅಷ್ಟು ಬಿಸಿ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಹೆಚ್ಚು, 20 ಡಿಗ್ರಿಯಲ್ಲಾದರೆ ಒಂಬತ್ತು. ಹೀಟರ್ ಉಳಿತಾಯ ಆಯಿತು ಅಂತ ನಾವು ಖುಷಿ ಪಡುತ್ತೇವೆ, ಮೀನಿಗೆ ಉಸಿರು ಕಡಿಮೆ. ಕರೆಂಟ್ ಇಲ್ಲದ ದಿನ ಊಟ ಹಾಕಬೇಡಿ, ಆಸ್ಕರ್ ಎಷ್ಟು ನಾಯಿಮರಿ ಹಾಗೆ ನೋಡಿದರೂ. ಒಂದು ದಿನ ಹಸಿದರೆ ಅದಕ್ಕೆ ಎಂತದ್ದೂ ಆಗುವುದಿಲ್ಲ.

ಬಿಲ್ ಲೆಕ್ಕ: 25 ವ್ಯಾಟಿನ ಎರಡು ಪಂಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. 55 ವ್ಯಾಟಿನ ಎರಡು ಕ್ಯಾನಿಸ್ಟರ್ ಆದರೆ 79. ಗೃಹಜ್ಯೋತಿಯಲ್ಲಿ 200 ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಊಟದ ಪ್ರಶ್ನೆ ಇರುವುದು ಇಲ್ಲೇ. ಹಳೆ ಬಿಲ್ ತೆಗೆದು ನೋಡಿ.

ಮಣಿಪಾಲ ವೈರ್‌ಮನ್

ಮೀನಿನ ಬಗ್ಗೆ ನನಗೆ ಗೊತ್ತಿರುವುದು ಫ್ರೈ ಮಾಡುವುದು ಮಾತ್ರ, ಭಾವನ ಟ್ಯಾಂಕಿನ ದೆಸೆಯಿಂದ ಇಲ್ಲಿದ್ದೇನೆ. ಆ ಟ್ಯಾಂಕಿಗೆ ಕೈ ಹಾಕಿದರೆ ಜುಂ ಅನ್ನುತ್ತಿತ್ತು, ಅವರು ಅದನ್ನು ಮಳೆಗಾಲದ ತೇವ ಅಂದುಕೊಂಡು ಒಂದು ತಿಂಗಳು ಕಳೆದರು. ಪಂಪಿನ ವೈರ್ ಸೀಳಿತ್ತು. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಒಂದು ಜೋಲು ಬಿಡಿ, ನೀರು ವೈರ್ ಹಿಡಿದುಕೊಂಡು ಇಳಿದರೆ ಅಲ್ಲೇ ತೊಟ್ಟಿಕ್ಕುತ್ತದೆ. ಕೈ ಹಾಕುವ ಮೊದಲು ಸ್ವಿಚ್ ಆಫ್. ಬಜೆಟಿನಲ್ಲಿ ಬೇಕಾದ್ದು ಕಡಿಮೆ ಮಾಡಿ, ಇದನ್ನು ಬೇಡ.

ಸಂತೆಕಟ್ಟೆ ಮೀನು

ಐದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ದಂಬೆಯೇ ಮಾಡಿದೆ. ಮನೆಯಲ್ಲಿ ಮಿಕ್ಕಿದ್ದ ಒಂದು ತುಂಡು, ಇನ್ನೊಂದು ಹೊಸದು. ಮೊದಲ ಸಲ ಗಮ್ಮು ಸರಿಯಾಗಿ ಹಚ್ಚದೆ ಮುಚ್ಚಳದ ಹತ್ತಿರ ಸೋರಿತು, ಒರೆಸಿ ಮತ್ತೆ ಹಚ್ಚಿ ಒಂದು ದಿನ ಬಿಟ್ಟೆ. ಬಕೆಟ್ ಪರೀಕ್ಷೆ ಮಾಡಿದೆ: ಒಂದು ಪಂಪಿಗೆ 50 ಸೆಕೆಂಡ್, ಇನ್ನೊಂದಕ್ಕೆ 57. ಡಬ್ಬದ ಮೇಲೆ ಎರಡಕ್ಕೂ 2000 ಅಂತ ಬರೆದಿದೆ! ಜುಂಗು ಎಂಟು ಡಜನ್ ತಂದೆ, ಅಮ್ಮ ಎರಡು ಡಜನ್ ಅಡುಗೆಮನೆಗೆ ಎತ್ತಿಟ್ಟರು. ಸ್ಪಂಜ್ ಫಿಲ್ಟರ್, ಬ್ಯಾಟರಿ ಏರ್ ಪಂಪ್, ಆರ್‌ಸಿಸಿಬಿ ಎಲ್ಲ ಸೇರಿ 10 ಸಾವಿರದ ಒಳಗೇ ಮುಗಿಯಿತು, ಸ್ವಲ್ಪ ಉಳಿಯಿತು ಕೂಡ. ಗೆಳೆಯನಿಗೆ ಗಡ್‌ಬಡ್ ಅದರಿಂದಲೇ.

ಹಳೆ ಟ್ಯಾಂಕಿನ ಸ್ಪಂಜನ್ನು ತೊಳೆಯದೆ ಹಾಗೇ ದಂಬೆಗೆ ಹಾಕಿದೆ, ಮೀನನ್ನೂ ನೀರಿನ ಜೊತೆ ದಾಟಿಸಿದೆ. ಮೊದಲ ಎರಡು ವಾರ ಊಟ ದಿನ ಬಿಟ್ಟು ದಿನ. ಟೆಸ್ಟ್ ಕಿಟ್‌ನಲ್ಲಿ ನೈಟ್ರೈಟ್ ಸ್ವಲ್ಪ ಏರಿತು, ಎರಡು ಸಲ ನೀರು ಬದಲಿಸಿದೆ, ನಾಲ್ಕನೇ ವಾರಕ್ಕೆ ಸೊನ್ನೆ. ಪಿಎಚ್ ಎಕ್ಕೂರಿನವರು ಹೆದರಿಸಿದ ಹಾಗೆ 6.2ಕ್ಕೆ ಇಳಿದಿತ್ತು, ಚಿಪ್ಪು ಹಾಕಿ ಹತ್ತು ದಿನಕ್ಕೆ 6.8. ಮರುವಾಯಿ ಸುಕ್ಕವನ್ನು ಮೀನಿನ ಆರೋಗ್ಯದ ಹೆಸರಲ್ಲಿ ಎರಡು ಸಲ ತಿಂದಾಯಿತು.

ವಾರಕ್ಕೆ 200 ಲೀಟರ್ ನೀರು ತೆಗೆಯುತ್ತೇನೆ. ಅಪ್ಪ ಈಗ ಆ ನೀರಿಗೆ ಕಾಯುತ್ತಾರೆ, ಪೈಪು ಹಿಡಿದು ಸೀದಾ ಮಲ್ಲಿಗೆ ಗಿಡಗಳ ಬುಡಕ್ಕೆ. ಕಳೆದ ವಾರ ನಾನು ಎರಡು ದಿನ ತಡ ಮಾಡಿದ್ದಕ್ಕೆ ಬೈಗುಳ ಬಿತ್ತು.

ಈಗ ಒಂದೇ ತೊಂದರೆ. ದಂಬೆಯಿಂದ ನೀರು ಬೀಳುವ ಸದ್ದು. ಹಗಲು ಚೆಂದ ಕೇಳುತ್ತದೆ, ರಾತ್ರಿ ಎಲ್ಲರಿಗೂ ಎರಡೆರಡು ಸಲ ಬಾತ್‌ರೂಮಿಗೆ ಏಳಬೇಕು ಅನಿಸುತ್ತದೆ. ಇದಕ್ಕೆ ಎಂತ?

ಕಾಪು ಕಡೆಯವ

ಬೀಳುವ ತೂತಿಗೆ ಒಂದು ಗೇಣು ಪೈಪ್ ಸಿಕ್ಕಿಸಿ, ತುದಿ ನೀರಿಗೆ ಬರೀ ತಾಗುವ ಹಾಗೆ, ಮುಳುಗಿಸಬೇಡಿ. ಪೈಪಿನ ಒಳಗೆ ಒಂದು ತುಂಡು ಒರಟು ಸ್ಪಂಜು ತುರುಕಿದರೆ ಗೋಡೆ ಹಿಡಿದು ಇಳಿಯುತ್ತದೆ, ಸದ್ದು ಇಲ್ಲ. ಸ್ಪಂಜ್ ಗಟ್ಟಿಯಾಗಿ ತುರುಕಬೇಡಿ, ದಂಬೆ ತುಂಬಿ ಆಚೆ ತುದಿಯಲ್ಲಿ ತಗ್ಗಿಸಿ ಕತ್ತರಿಸಿದ ಅಂಚಿನಿಂದ ಚೆಲ್ಲುತ್ತದೆ.

ಸಂತೆಕಟ್ಟೆ ಮೀನು

ಈಗಷ್ಟೇ ಮಾಡಿದೆ. ಸದ್ದು ನಿಂತಿತು. ಅಜ್ಜಿ ಬಂದು ಕರೆಂಟ್ ಹೋಯ್ತಾ ಅಂತ ಕೇಳಿದರು.